ಅಂತರರಾಷ್ಟ್ರೀಯ ಕ್ರೀಡಾಕೂಟಗಳೂ ತಜ್ಞ ಸಲಹೆಗಾರರೂ: ಕಾಫಿ ಸೀಮೆಯ ಒಂದು ನಿದರ್ಶನ

ಕ್ರೀಡೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರ ಹೆಸರು, ಅವರು ತೆಗೆದುಕೊಂಡ ವೇಳೆ, ಮುರಿದ ದಾಖಲೆ ಇವಿಷ್ಟನ್ನು ಹೇಳಿ ಮುಗಿಸುವುದುಂಟು. ಕೂಟವನ್ನು ಏರ್ಪಡಿಸಿದವರು ಯಾರು, ಅವರಿಗೆ ದಾರಿ ತೋರಿದವರು ಯಾರು, ಹಾಗೆ ತೋರಿದ ತಿಳಿವಳಿಕೆ ಕೂಟ ಮುಗಿದ ಮೇಲೆ ಯಾರ ಬಳಿ ಉಳಿಯಿತು ಎಂಬ ಪ್ರಶ್ನೆಗಳು ಚರಿತ್ರಕಾರನ ಕೈಗೆ ಅಷ್ಟಾಗಿ ಬಂದಿಲ್ಲ. ಈಚಿನ ಕೆಲವು ದಶಕಗಳಲ್ಲಿ ದೊಡ್ಡ ಕ್ರೀಡಾಕೂಟಗಳ ಯೋಜನೆಯು ಒಂದು ಪ್ರತ್ಯೇಕ ವೃತ್ತಿಯಾಗಿ ಬೆಳೆದಿರುವುದರಿಂದ ಈ ಪ್ರಶ್ನೆಗಳನ್ನು ಎತ್ತುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ವಿಷಯವು ಮಹಾನಗರಗಳಿಗೆ ಸೇರಿದ್ದೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಕುದುರೆಮುಖದ ಸುತ್ತಣ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಗಳಲ್ಲಿಯೇ ಇದಕ್ಕೆ ಒಳ್ಳೆಯ ಸಾಮಗ್ರಿ ದೊರೆಯುತ್ತದೆ.

ಈ ಸೀಮೆಯಲ್ಲಿ ‘ಸ್ಪೋರ್ಟ್’ ಎಂಬ ಇಂಗ್ಲಿಷ್ ಮಾತು ಮೊದಲು ಕೇಳಿಬಂದುದು ಬೇಟೆಯ ಅರ್ಥದಲ್ಲಿ. ಮೂಡಿಗೆರೆಗೆ ಅಂಟಿಕೊಂಡ ಮಂಜರಾಬಾದ್ ಸೀಮೆಯಲ್ಲಿ ಕಾಫಿತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರು ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’. ಅಲ್ಲಿಯ ಕ್ರೀಡೆಯೆಂದರೆ ಹುಲಿ, ಕಾಟಿಗಳ ಬೇಟೆಯೇ. ಆ ಆಟದಲ್ಲಿ ಬಂದೂಕು ಹಿಡಿದವನು ಹೊರಗಿನವನು. ಪ್ರಾಣಿಯ ಹೆಜ್ಜೆಯ ಜಾಡನ್ನು ಬಲ್ಲವನು, ಯಾವ ಕಣಿವೆಯಲ್ಲಿ ಯಾವ ಹೊತ್ತಿಗೆ ನಿಲ್ಲಬೇಕೆಂದು ಹೇಳಬಲ್ಲವನು ಊರಿನವನು. ಸಲಹೆಗಾರನೆಂಬ ಪದವಿಯನ್ನು ಆ ಜಾಡುಗಾರನಿಗೆ ಯಾರೂ ಕೊಟ್ಟಿರಲಿಲ್ಲ. ಆದರೂ ಹಣ ಪಡೆದು, ತಾನು ಆಡದ ಆಟಕ್ಕೆ ದಾರಿ ತೋರಿದವನು ಅವನೇ ಆದುದರಿಂದ ನಮ್ಮ ವಿಷಯದ ಪೀಠಿಕೆಯನ್ನು ಅವನಿಂದಲೇ ಆರಂಭಿಸುವುದು ನ್ಯಾಯ. ಅವನ ತಿಳಿವಳಿಕೆ ಬಾಯಿಮಾತಿನದು. ಅವನೊಡನೆಯೇ ಅದು ಹೋಯಿತು.

ಬರಹದ ಸಲಹೆ ಈ ಬೆಟ್ಟಗಳಿಗೆ ಬಂದುದು ಆಟಕ್ಕಾಗಿ ಅಲ್ಲ, ಅದಿರಿಗಾಗಿ. ಕುದುರೆಮುಖದ ಕಬ್ಬಿಣದ ಅದಿರನ್ನು ಮೈಸೂರು ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ಯರು 1913ರಲ್ಲಿ ಗುರುತಿಸಿದರು. 1960ರ ದಶಕದಲ್ಲಿ ರಾಷ್ಟ್ರೀಯ ಖನಿಜಾಭಿವೃದ್ಧಿ ನಿಗಮವು ಅಮೆರಿಕದ ಮಾರ್ಕೋನಾ ಸಂಸ್ಥೆಯನ್ನೂ ಜಪಾನೀ ಕಂಪನಿಗಳನ್ನೂ ಕೂಡಿಕೊಂಡು ಪರಿಶೋಧನೆ ನಡೆಸಿತು. ಕೊನೆಗೆ 1975ರ ನವೆಂಬರಿನಲ್ಲಿ ಇರಾನಿನೊಡನೆ ಒಪ್ಪಂದವಾಗಿ, 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪಿತವಾದಾಗ, ಕೆನಡಾದ ಮೆಟ್-ಕೆಮ್ ಸಂಸ್ಥೆ ಅದರ ತಾಂತ್ರಿಕ ಸಲಹೆಗಾರನಾಯಿತು. ವರ್ಷಕ್ಕೆ 75 ಲಕ್ಷ ಟನ್ನು ಸಾಂದ್ರೀಕೃತ ಅದಿರು, ಲಕ್ಯಾ ಹೊಳೆಗೆ ಅಣೆಕಟ್ಟು, ಮಂಗಳೂರಿನ ಕಡಲತಡಿಗೆ 67 ಕಿಲೋಮೀಟರಿನ ಕೊಳವೆ ಇವೆಲ್ಲ ನಕ್ಷೆಯಂತೆಯೇ 1980ರ ವೇಳೆಗೆ ಸಿದ್ಧವಾದವು. ಅಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಕೊಳ್ಳುವವನೇ ಇಲ್ಲವಾದನು! ಸಲಹೆ ಸರಿಯಾಗಿದ್ದಿತು, ಕಟ್ಟಡ ಸರಿಯಾಗಿದ್ದಿತು. ಅದರ ಫಲಾಫಲವನ್ನು ಹೊತ್ತುಕೊಂಡವರು ಮಾತ್ರ ಇಲ್ಲಿಯವರು. ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಾಗಲೂ ಊರು ತೆರವಾದುದು ಇಲ್ಲಿಯೇ. ಸಲಹೆಗೂ ಹೊಣೆಗೂ ನಡುವಣ ಈ ಅಂತರವನ್ನು ನೆನಪಿನಲ್ಲಿಟ್ಟುಕೊಂಡು ಕ್ರೀಡೆಯ ಕಡೆಗೆ ತಿರುಗೋಣ.

1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. 11 ದೇಶಗಳು ಭಾಗವಹಿಸಿದುವು. ಗುರುದತ್ತ ಸೋಂಧಿಯವರ ಕಲ್ಪನೆ, ಆಂಟನಿ ಡಿ ಮೆಲ್ಲೊ ಅವರ ಸಂಘಟನಾಶಕ್ತಿ, ಮಿಕ್ಕಂತೆ ಉತ್ಸಾಹಿಗಳ ದುಡಿಮೆ ಇವುಗಳಿಂದಲೇ ಕೆಲಸ ಸಾಗಿತು. ಆ ಕಾಲದಲ್ಲಿ ಕ್ರೀಡಾಕೂಟವನ್ನು ನಡೆಸುವುದು ಒಂದು ಸೇವೆಯೇ ಹೊರತು ವೃತ್ತಿಯಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಪೀಟರ್ ಯೂಬರಾತ್ ಅವರ ಆಡಳಿತದಲ್ಲಿ 20 ಕೋಟಿ ಡಾಲರಿಗೂ ಮಿಕ್ಕ ಉಳಿತಾಯವನ್ನು ತೋರಿಸಿದ ಮೇಲೆ ಈ ಭಾವನೆ ಬದಲಾಯಿತು. ಪ್ರಸಾರದ ಹಕ್ಕು, ಪ್ರಾಯೋಜಕರೊಡನೆ ಕರಾರು, ಟಿಕೆಟ್ಟು, ಸಾರಿಗೆ, ಭದ್ರತೆ, ಸ್ವಯಂಸೇವಕರ ಶಿಕ್ಷಣ ಇವೊಂದೊಂದಕ್ಕೂ ಬೇರೆ ಬೇರೆ ತಜ್ಞರು ಹುಟ್ಟಿಕೊಂಡರು. 2000ದ ಸಿಡ್ನಿ ಒಲಿಂಪಿಕ್ಸ್ ಇನ್ನೊಂದು ಘಟ್ಟ. ಅಲ್ಲಿಯ ಸಂಘಟಕರ ಅನುಭವವನ್ನು ಕೈಪಿಡಿಗಳಾಗಿ ಬರೆದಿಟ್ಟು ಮುಂದಿನ ನಗರಗಳಿಗೆ ವರ್ಗಮಾಡುವ ಕ್ರಮವನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕೈಗೊಂಡಿತು. ಒಂದು ನಗರದ ಅನುಭವ ಇನ್ನೊಂದು ನಗರಕ್ಕೆ ಸರಕಿನಂತೆ ಸಾಗಬಹುದೆಂಬ ನಂಬಿಕೆ ಇಲ್ಲಿಂದ ಬಲಗೊಂಡಿತು.

ಈ ನಂಬಿಕೆಯ ಪರೀಕ್ಷೆ ಭಾರತದಲ್ಲಿ ನಡೆದುದು 2010ರ ಅಕ್ಟೋಬರಿನ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ. ಸಿಡ್ನಿಯ ಅನುಭವದ ಬುಡದಿಂದ ಚಿಗುರಿದ ಈವೆಂಟ್ ನಾಲೆಜ್ ಸರ್ವೀಸಸ್ ಸಂಸ್ಥೆ ಅಲ್ಲಿ ಸಲಹೆಗಾರನಾಗಿದ್ದಿತು. ಮತ್ತೆ ಕೆಲವು ಸಂಸ್ಥೆಗಳೂ ಇದ್ದುವು. ಸಲಹೆಗಾರರನ್ನು ನೇಮಿಸಿಕೊಂಡ ರೀತಿಯನ್ನು ಮಹಾಲೇಖಪಾಲರ 2011ರ ವರದಿ ಕಟುವಾಗಿ ವಿಮರ್ಶಿಸಿದೆ. ಹಣದ ವಿಚಾರ ಹಾಗಿರಲಿ. ನಮ್ಮ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದ ಸಂಗತಿ ಬೇರೆ: ಕೈಪಿಡಿ ಎಷ್ಟೇ ಪೂರ್ಣವಾಗಿರಲಿ, ಅದನ್ನು ತನ್ನ ನೆಲಕ್ಕೆ ಒಗ್ಗಿಸಿಕೊಳ್ಳುವ ಒಂದು ಸ್ಥಳೀಯ ಮಂಡಲಿ ಮೊದಲೇ ಗಟ್ಟಿಯಾಗಿ ನಿಂತಿರದಿದ್ದರೆ ಅದು ಕಪಾಟಿನಲ್ಲಿ ಉಳಿಯುತ್ತದೆ. ಬೆಂಗಳೂರಿನಲ್ಲಿ 2008ರಿಂದ ಪ್ರೋಕ್ಯಾಮ್ ಸಂಸ್ಥೆ ನಡೆಸಿಕೊಂಡು ಬಂದಿರುವ 10 ಕಿಲೋಮೀಟರಿನ ಅಂತರರಾಷ್ಟ್ರೀಯ ಓಟವನ್ನು ಇದರೊಡನೆ ಹೋಲಿಸಬಹುದು. ಅಲ್ಲಿ ಪರಿಣತಿ ಪ್ರತಿವರ್ಷವೂ ಅದೇ ರಸ್ತೆಗಳಿಗೆ ಮರಳುತ್ತದೆ. ಇಂಥ ಓಟದ ಹಾದಿಯನ್ನು ಅಳೆಯುವುದು ಸೈಕಲ್ಲಿನಿಂದ. ಹಾದಿ ಎಲ್ಲಿಯೂ ಗಿಡ್ಡವಾಗಬಾರದೆಂದು ಕಿಲೋಮೀಟರಿಗೆ 1 ಮೀಟರಿನಂತೆ ಕೂಡಿಸಿ 10,010 ಮೀಟರು ಹಾಕುತ್ತಾರೆ. ಈ ಸಣ್ಣ ವಿವರವನ್ನು ಹೇಳಲು ಕಾರಣವಿದೆ. ತಜ್ಞನ ನಿಜವಾದ ಕೆಲಸ ವೇದಿಕೆಯ ಮೇಲಿನದಲ್ಲ, ಇಂಥ 10 ಮೀಟರುಗಳದು.

ಇನ್ನು ಕಾಫಿ ಸೀಮೆಯ ಸಂಗತಿ. 1988ರಲ್ಲಿ ಆರಂಭವಾದ ಏಷ್ಯಾ-ಪೆಸಿಫಿಕ್ ಮೋಟಾರು ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು 2016 ಮತ್ತು 2017ರಲ್ಲಿ ಚಿಕ್ಕಮಗಳೂರಿನಲ್ಲಿ ನಡೆಯಿತು. ಚಿಕ್ಕಮಗಳೂರಿನ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಸಂಘಟಕ, ವಿ. ಜಿ. ಸಿದ್ಧಾರ್ಥರ ಕಾಫಿ ಡೇ ಪ್ರಾಯೋಜಕ. ನ್ಯೂಜಿಲೆಂಡ್, ಆಸ್ಟ್ರೇಲಿಯ, ಜಪಾನ್, ಮಲೇಶಿಯಗಳ ಹಾದಿಗಳಲ್ಲಿ ಓಡಿದ ಕಾರುಗಳು ಈ ತೋಟಗಳ ಕೆಮ್ಮಣ್ಣಿನ ಮೇಲೆ ಓಡಿದುವು. ಎರಡು ವರ್ಷವೂ ಚಾಂಪಿಯನ್ ಆದವರು ದೆಹಲಿಯ ಗೌರವ್ ಗಿಲ್. 2019ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದ ಮೊದಲ ಮೋಟಾರು ಸ್ಪರ್ಧಿ ಇವರೇ. ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇವರ ಪಕ್ಕದಲ್ಲಿ ಕುಳಿತು ದಾರಿ ಓದಿದವರು ಕಾಸರಗೋಡಿನ ಮೂಸಾ ಶರೀಫರೆಂಬುದನ್ನು ನಮ್ಮ ಗಡಿನಾಡಿನ ಓದುಗರು ಸಂತೋಷದಿಂದ ಗಮನಿಸಬಹುದು.

ಇಂಥ ಕೂಟ ಒಂದು ಊರಿಗೆ ಬರಬೇಕಾದರೆ ನಡೆಯುವ ಕ್ರಮವೇನು? ವಿಶ್ವಮಟ್ಟದಲ್ಲಿ ಮೋಟಾರು ಕ್ರೀಡೆಯನ್ನು ಆಳುವುದು 1904ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿತವಾದ ಎಫ್.ಐ.ಎ. ಸಂಸ್ಥೆ, ಭಾರತದಲ್ಲಿ ಅದರ ಅಂಗವಾಗಿರುವುದು ಎಫ್.ಎಂ.ಎಸ್.ಸಿ.ಐ. ಸಂಘಟಕ ಕ್ಲಬ್ಬು ಮೊದಲು ಪೂರಕ ನಿಯಮಾವಳಿಯನ್ನು ಬರೆದು ಒಪ್ಪಿಗೆ ಪಡೆಯಬೇಕು. ಆ ಬಳಿಕ ಸುರಕ್ಷಾ ಯೋಜನೆ. ಪ್ರತಿ ಸ್ಪರ್ಧಾ ಹಾದಿಯ ಆರಂಭ, ಅಂತ್ಯ, ನಡುನಡುವಣ ರೇಡಿಯೊ ಠಾಣೆಗಳು, ವೈದ್ಯನ ಗಾಡಿ ನಿಲ್ಲುವ ಸ್ಥಳ, ಗಾಯಾಳುವನ್ನು ಒಯ್ಯುವ ಆಸ್ಪತ್ರೆ, ಅಲ್ಲಿಗೆ ಹೋಗುವ ದಾರಿ ಎಲ್ಲವೂ ಇದರಲ್ಲಿ ನಮೂದಾಗಬೇಕು. ವಿದೇಶದ ಸುರಕ್ಷಾ ಪ್ರತಿನಿಧಿಯೂ ತಾಂತ್ರಿಕ ಪ್ರತಿನಿಧಿಯೂ ಬಂದು ನೋಡುತ್ತಾರೆ. ತೀರ್ಪುಗಾರರಾದ ಸ್ಟೀವರ್ಡುಗಳು ಬರುತ್ತಾರೆ. ಸ್ಪರ್ಧೆಗೆ ಮೊದಲು ‘ಮೂರು ಸೊನ್ನೆ’, ‘ಎರಡು ಸೊನ್ನೆ’, ‘ಸೊನ್ನೆ’ ಎಂಬ ಗುರುತಿನ ಕಾರುಗಳು ಒಂದರ ಹಿಂದೆ ಒಂದು ಸಾಗಿ ಹಾದಿ ಮುಚ್ಚಿದೆಯೇ, ಠಾಣೆಗಳಲ್ಲಿ ಜನರಿದ್ದಾರೆಯೇ ಎಂದು ಪರೀಕ್ಷಿಸುತ್ತವೆ. ಚಾಲಕರಿಗೆ ಕೊಡುವ ದಾರಿಪುಸ್ತಕದಲ್ಲಿ ಪ್ರತಿ ತಿರುವಿಗೂ ಒಂದು ಚಿಕ್ಕ ರೇಖಾಚಿತ್ರವಿರುತ್ತದೆ: ಕೆಳಗೊಂದು ಚುಕ್ಕೆ, ಮೇಲೊಂದು ಬಾಣ. ಡಚ್ಚರ ಟ್ಯುಲಿಪ್ ರ‍್ಯಾಲಿಯಿಂದ ಬಂದುದರಿಂದ ಇದಕ್ಕೆ ‘ಟ್ಯುಲಿಪ್’ ಎಂದೇ ಹೆಸರು.

ಈ ಬಿಗಿ ನಿಯಮಗಳು ಸುಮ್ಮನೆ ಹುಟ್ಟಿದವಲ್ಲ. 1986ರ ಮಾರ್ಚಿಯಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಒಂದು ಕಾರು ಪ್ರೇಕ್ಷಕರ ಮೇಲೆ ನುಗ್ಗಿ ಜನ ಸತ್ತರು. ಆ ವರ್ಗದ ಅತಿವೇಗದ ಕಾರುಗಳು ಮರುವರ್ಷದಿಂದ ನಿಷಿದ್ಧವಾದುವು. ಅಂದರೆ ಮೋಟಾರು ಕ್ರೀಡೆಯ ಸಲಹೆಯು ಲಾಭದ ಸಲಹೆಯಾಗಿ ಮಾತ್ರವಲ್ಲದೆ ಸಾವಿನ ಲೆಕ್ಕದಿಂದ ಕಲಿತ ಸಲಹೆಯಾಗಿಯೂ ಬೆಳೆದಿದೆ. ಅದನ್ನು ಕೇವಲ ಹೊರಗಿನವರ ದರ್ಪವೆಂದು ತಳ್ಳಿಹಾಕುವವರ ಮಾತನ್ನು ನಾವು ಒಪ್ಪಲಾರೆವು.

ಆದರೆ ಕಾಫಿತೋಟದ ರಸ್ತೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಈ ರಸ್ತೆಗಳು ಸ್ಪರ್ಧೆಗಾಗಿ ಹುಟ್ಟಿದವಲ್ಲ. ಹತ್ತೊಂಬತ್ತನೆಯ ಶತಮಾನದಿಂದ ಮೊದಲ್ಗೊಂಡು ಗೊಬ್ಬರವನ್ನು ಮೇಲಕ್ಕೂ ಹಣ್ಣನ್ನು ಕಣಕ್ಕೂ ಸಾಗಿಸಲು ಬೆಟ್ಟದ ಮೈಯನ್ನು ಕಡಿದು ಮಾಡಿದವು. ಖಾಸಗಿ ರಸ್ತೆಗಳಾದುದರಿಂದ ಮುಚ್ಚುವುದು ಸುಲಭ. ಸಾರ್ವಜನಿಕ ಸಂಚಾರಕ್ಕೆ ಅಡ್ಡಿಯಿಲ್ಲ. ಹೊರಗಿನ ತಜ್ಞನಿಗೆ ಇದು ದೊಡ್ಡ ಅನುಕೂಲವಾಗಿ ಕಾಣುವುದು ಸಹಜ. ಆದರೆ ತೋಟದೊಳಗೆ ಜನರಿಲ್ಲವೆಂದು ಇದರ ಅರ್ಥವಲ್ಲ. ಈ ರ‍್ಯಾಲಿಗಳು ನವೆಂಬರು-ಡಿಸೆಂಬರಿನಲ್ಲಿ ನಡೆದುವು. ಅರೇಬಿಕಾ ಕೊಯ್ಲು ನಡೆಯುವುದೂ ಅದೇ ತಿಂಗಳುಗಳಲ್ಲಿ. ಲೈನುಮನೆಯಿಂದ ಪಟ್ಟೆಗೆ, ಪಟ್ಟೆಯಿಂದ ಕಣಕ್ಕೆ, ಕಣದಿಂದ ಹೊಳೆಗೆ ಆಳುಗಳೂ ಮಕ್ಕಳೂ ನಡೆದುಬರುವ ಕಾಲುದಾರಿಗಳು ಯಾವ ಮೋಜಣಿ ನಕ್ಷೆಯಲ್ಲಿಯೂ ಇರುವುದಿಲ್ಲ. ‘ಹಾದಿಗೆ ಸೇರುವ ಎಲ್ಲ ಬಾಯಿಗಳನ್ನೂ ಮುಚ್ಚತಕ್ಕದ್ದು’ ಎಂದು ಬರೆಯಲು ತಜ್ಞ ಸಾಕು. ಆ ಬಾಯಿಗಳು ಎಷ್ಟು, ಎಲ್ಲಿ ಎಂದು ಹೇಳಲು ತೋಟದ ರೈಟರು ಬೇಕು, ಮೇಸ್ತ್ರಿ ಬೇಕು.

ಇದು ಬರಿಯ ತರ್ಕವಲ್ಲ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ನಡೆದ ರಾಷ್ಟ್ರೀಯ ರ‍್ಯಾಲಿಯೊಂದರಲ್ಲಿ, ಮುಚ್ಚಿದ ಹಾದಿಯೊಳಗೆ ಮೋಟಾರು ಬೈಕಿನಲ್ಲಿ ಬಂದ ಒಂದೇ ಕುಟುಂಬದ ಮೂವರು ಸ್ಪರ್ಧೆಯ ಕಾರಿಗೆ ಸಿಕ್ಕಿ ಮೃತರಾದರು. ಹಾದಿ ಮುಚ್ಚಿದೆಯೆಂದು ಕಾಗದ ಹೇಳುತ್ತಿದ್ದಿತು; ನೆಲ ಬೇರೆ ಮಾತು ಹೇಳಿತು. ಮರುಭೂಮಿಯ ಬಯಲಿನಲ್ಲಿಯೇ ಹೀಗಾಗಬಹುದಾದರೆ, 20 ಗಜ ಆಚೆಗೆ ಏನಿದೆಯೆಂದು ಕಾಣದ ಸಿಲ್ವರ್ ಓಕು, ಕಾಫಿಗಿಡಗಳ ನಡುವೆ ಕಾವಲುಗಾರನ ಪ್ರತಿಯೊಂದು ನಿಲುಗಡೆಯೂ ಎಷ್ಟು ಬೆಲೆಯುಳ್ಳದ್ದೆಂದು ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ಅಂತರರಾಷ್ಟ್ರೀಯ ಕೂಟದ ಯೋಜನೆಯಲ್ಲಿ ಎರಡು ಬಗೆಯ ಸಲಹೆಗಳು ಕೂಡಬೇಕೆಂಬುದು ನಮ್ಮ ಅಭಿಪ್ರಾಯ. ಹೊರಗಿನವನದು ನೂರು ಕೂಟಗಳಿಂದ ಸೋಸಿದ ನಿಯಮ. ಒಳಗಿನವನದು ಒಂದೇ ನೆಲದ ಸಮಗ್ರ ಪರಿಚಯ. ಮೊದಲನೆಯದಕ್ಕೆ ಕರಾರು, ಸಂಭಾವನೆ, ಪದವಿಗಳಿವೆ. ಎರಡನೆಯದಕ್ಕೆ ಬಹುಮಟ್ಟಿಗೆ ಒಂದು ಊಟ, ಒಂದು ಟೋಪಿ. ಕ್ಲಬ್ಬಿನಂಥ ಸ್ಥಳೀಯ ಸಂಸ್ಥೆಯ ಮಹತ್ವವಿರುವುದು ಈ ಎರಡನ್ನೂ ಒಂದೇ ಮೇಜಿನ ಸುತ್ತ ಕೂರಿಸುವುದರಲ್ಲಿ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು 1976ರಿಂದ ನಡೆಸಿಕೊಂಡು ಬಂದ ಕೆ-1000 ರ‍್ಯಾಲಿ ನಮ್ಮ ನಾಡಿನಲ್ಲಿ ವೇಳೆ ಹಿಡಿಯುವವರ, ಠಾಣೆ ಕಾಯುವವರ, ದಾರಿಪುಸ್ತಕ ಬರೆಯುವವರ ಒಂದು ಪೀಳಿಗೆಯನ್ನೇ ಬೆಳೆಸಿದ್ದಿತು. ಇಂಥ ತಳಹದಿ ಇದ್ದುದರಿಂದಲೇ ಮಲೆನಾಡಿನ ಒಂದು ಜಿಲ್ಲಾಕೇಂದ್ರ ವಿದೇಶೀ ಪ್ರತಿನಿಧಿಗಳ ಪರೀಕ್ಷೆಗೆ ನಿಲ್ಲಬಲ್ಲುದಾಯಿತೆಂದು ನಾವು ತಿಳಿಯುತ್ತೇವೆ. ದೆಹಲಿಗೆ ಹಣವಿದ್ದಿತು, ಈ ಅಭ್ಯಾಸ ಇರಲಿಲ್ಲ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಕೆಲಸ ಕಾದಿದೆ. 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಇಂಥ ಆಟಕ್ಕೆ ಎಡೆಯಿಲ್ಲ; ಗಣಿಯ ರಸ್ತೆಗಳನ್ನೂ ಕಾಡು ಮರಳಿ ಆವರಿಸುತ್ತಿದೆ. ತೋಟಗಳೂ ಕೈಬದಲಾಗುತ್ತವೆ, ರಸ್ತೆಗಳು ದಿಕ್ಕು ಬದಲಿಸುತ್ತವೆ. ಆದರೆ ರ‍್ಯಾಲಿಯ ದಾರಿಪುಸ್ತಕಗಳಲ್ಲಿ ಒಂದೊಂದು ತೋಟದ ಒಂದೊಂದು ತಿರುವು, ಗೇಟು, ಮೋರಿ, ಕವಲುಗಳು ಮೀಟರಿನ ಲೆಕ್ಕದಲ್ಲಿ ದಾಖಲಾಗಿವೆ. ಸರ್ಕಾರದ ಮೋಜಣಿಯೂ ಅಷ್ಟು ಸೂಕ್ಷ್ಮಕ್ಕೆ ಇಳಿದಿಲ್ಲ. ಅವು ರದ್ದಿಗೆ ಹೋಗುವುದಕ್ಕೆ ಮುಂಚೆ ಕಾಲೇಜಿನ ಗ್ರಂಥಭಂಡಾರಗಳು ಒಂದೊಂದು ಪ್ರತಿಯನ್ನು ಕೇಳಿ ಪಡೆದು, ಆ ಠಾಣೆಗಳಲ್ಲಿ ನಿಂತಿದ್ದ ಆಳುಮೇಸ್ತ್ರಿಗಳ ಹೇಳಿಕೆಗಳನ್ನೂ ಬರೆದುಕೊಂಡು ಜೊತೆಗೆ ಇರಿಸಬೇಕು.