ಮರಳಿ ಹೋಗದವರ ಚರಿತ್ರೆ: ಉಸಗಾಂವ ಮತ್ತು ಫೋಂಡಾ ಸೀಮೆಯ ಕನ್ನಡಿಗರು

ವಲಸೆಯ ಬಗ್ಗೆ ನಾವು ಓದುವ ಬಹುಪಾಲು ಬರವಣಿಗೆ ಎರಡೇ ಪ್ರಶ್ನೆ ಕೇಳುತ್ತದೆ: ಯಾಕೆ ಬಂದರು, ಯಾವಾಗ ಹೋಗುತ್ತಾರೆ? ಹೋಗುವ ದಾರಿ ತೆರೆದಿದ್ದರೂ ಯಾಕೆ ಹೋಗಲಿಲ್ಲ ಅನ್ನೋ ಮೂರನೇ ಪ್ರಶ್ನೆ ಹೆಚ್ಚಾಗಿ ಬಿಟ್ಟುಹೋಗುತ್ತದೆ. ಇವತ್ತು ಅದನ್ನು ಗೋವಾದ ಉಸಗಾಂವವನ್ನು ಮುಂದಿಟ್ಟುಕೊಂಡು ನೋಡೋಣ.

ಉಸಗಾಂವ ಇರೋದು ಫೋಂಡಾ ತಾಲೂಕಿನಲ್ಲಿ. ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿ ಅನಮೋಡ ಘಾಟ ಇಳಿದು, ಮೊಲೆಂ ದಾಟಿ ಇಲ್ಲಿನ ತಿಸ್ಕ್ ಮೂಲಕ ಹಾದುಹೋಗುತ್ತದೆ. ಟೈರ್ ಕಾರ್ಖಾನೆ, ಆಹಾರ ಪದಾರ್ಥಗಳ ಕಾರ್ಖಾನೆ, ಸುತ್ತಲಿನ ಗಣಿಗಳ ಅದಿರು ಲಾರಿಗಳು, ಕಟ್ಟಡ ಕೆಲಸ: ಹೀಗೆ ದುಡಿಮೆಗೆ ದಾರಿಯಿದ್ದ ಊರು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದಂಥ ಮಳೆ ಕಡಿಮೆಯ ಜಿಲ್ಲೆಗಳಿಂದ ಗೋವಾಕ್ಕೆ ಬಂದವರಿಗೆ ಇದು ಹತ್ತಿರದ ಪರಸ್ಥಳ. ಒಂದು ರಾತ್ರಿಯ ಬಸ್ಸು ಹಿಡಿದರೆ ಊರು. ಹಾಗಾಗಿ ಇಲ್ಲಿ ಉಳಿದವರು 'ಹೋಗಲು ಆಗಲಿಲ್ಲ' ಅನ್ನುವ ಮಾತು ಅರ್ಧ ಮಾತ್ರ ನಿಜ.

ಈ ಸೀಮೆಯಲ್ಲಿ ಉಳಿದುಕೊಂಡ ಮೊದಲ ಹೆಸರಾಂತ ಕನ್ನಡ ಮನೆತನ ಕೂಲಿಯವರದಲ್ಲ, ಅರಸರದು. ಫೋಂಡಾ ಸೀಮೆ 18ನೇ ಶತಮಾನದಲ್ಲಿ ಶಿರಸಿ ಬಳಿಯ ಸೋಂದಾ ಅರಸರ ಕೈಯಲ್ಲಿತ್ತು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದು ಸೋಂದೆಯ ಮೇಲೂ ಬಂದಾಗ ಅರಸ ಇಮ್ಮಡಿ ಸದಾಶಿವ ಘಟ್ಟ ಇಳಿದು ಪೋರ್ಚುಗೀಸರ ಆಶ್ರಯ ಪಡೆದ. 1791ರ ಒಪ್ಪಂದದಲ್ಲಿ ಘಟ್ಟದ ಕೆಳಗಿನ ಸೀಮೆ ಪೋರ್ಚುಗೀಸರಿಗೆ ಹೋಯಿತು. ಅರಸು ಮನೆತನಕ್ಕೆ ಸಿಕ್ಕಿದ್ದು ಆಶ್ರಯ ಮತ್ತು ವರ್ಷಾಶನ. 1799ರಲ್ಲಿ ಟಿಪ್ಪು ಬಿದ್ದ. ಓಡಿಬರಲು ಕಾರಣವಾಗಿದ್ದ ಭಯ ಅಲ್ಲಿಗೆ ಮುಗಿಯಿತು ನೋಡಿ. ಆದರೆ ಸೋಂದೆ ಈಗ ಕಂಪನಿ ಸರ್ಕಾರದ್ದು. ವರ್ಷಾಶನ, ಮನೆ, ಮಾನ್ಯತೆ ಎಲ್ಲವೂ ಗೋವಾದಲ್ಲಿ. ಮನೆತನ ಫೋಂಡಾ ಬಳಿಯ ಬಾಂದೋಡೆಯಲ್ಲೇ ಉಳಿಯಿತು, 'ಸೌಂದೇಕರ್' ಆಯಿತು. ಬಿಟ್ಟುಬಂದ ಊರೇ ಹೆಸರಾಗಿ ಉಳಿಯಿತು, ವಾಸವಾಗಿ ಅಲ್ಲ.

ಆಗ ಗೋವಾ ಅಂದರೆ ನಿಜವಾಗಿಯೂ ಪರದೇಶ. ರೈಲು ಬಂದ ಮೇಲೂ ಉತ್ತರ ಕನ್ನಡದ ಕ್ಯಾಸಲ್ ರಾಕ್ ಗಡಿ ನಿಲ್ದಾಣವಾಗಿತ್ತು, ಅಲ್ಲಿ ಸುಂಕದ ತಪಾಸಣೆ ನಡೆಯುತ್ತಿತ್ತು. 1955ರ ಆರ್ಥಿಕ ದಿಗ್ಬಂಧನದಲ್ಲಿ ಆ ದಾರಿಯೂ ಮುಚ್ಚಿತು. 1961ರ ಡಿಸೆಂಬರ್ 19ಕ್ಕೆ ಪರದೇಶ ಹೋಗಿ ಪರಸ್ಥಳವಾಯಿತು. 1987ರಲ್ಲಿ ಕೊಂಕಣಿ ಅಧಿಕೃತ ಭಾಷೆಯಾಗಿ, ಅದೇ ಮೇ 30ರಂದು ಗೋವಾ ರಾಜ್ಯವಾದಾಗ ಇನ್ನೊಂದು ಬಗೆಯ ಗಡಿ ಎದ್ದಿತು. ಘಟ್ಟದ ಮೇಲಿನಿಂದ ಬಂದವರನ್ನು 'ಘಾಂಟಿ' ಅಂತ ಹೀಯಾಳಿಸುವ ಮಾತು ಈಗಲೂ ಕೇಳಿಸುತ್ತದೆ.

2012ರ ಸೆಪ್ಟೆಂಬರ್‌ನಲ್ಲಿ ಗಣಿಗಾರಿಕೆ ನಿಂತಿತು. ಮತ್ತೆ ಶುರುವಾಯಿತು ಅನ್ನುವಷ್ಟರಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳನ್ನು ರದ್ದು ಮಾಡಿ, 2018ರ ಮಾರ್ಚ್‌ನಲ್ಲಿ ಮತ್ತೆ ನಿಂತಿತು. ಲಾರಿ ನಿಂತರೆ ಗ್ಯಾರೇಜು ನಿಲ್ಲುತ್ತದೆ, ಖಾನಾವಳಿ ನಿಲ್ಲುತ್ತದೆ. ಕೂಲಿಯೊಂದೇ ಕಾರಣವಾಗಿದ್ದರೆ ಇಂಥ ಹೊತ್ತಿನಲ್ಲಿ ಎಲ್ಲರೂ ಬಸ್ಸು ಹತ್ತಬೇಕಿತ್ತು. ಕೆಲವರು ಹೋದರು, ಹಲವರು ಬೇರೆ ಕೆಲಸ ಹುಡುಕಿಕೊಂಡು ಉಳಿದರು.

ಉಳಿಯೋದಕ್ಕೆ ಬೆಲೆಯೂ ಇದೆ. ಲಂಬಾಣಿ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗೋವಾದ ಪಟ್ಟಿಯಲ್ಲಿ ಅದಿಲ್ಲ. ಒಂದು ರಾಜ್ಯದ ಮೀಸಲಾತಿ ಸೌಲಭ್ಯ ವಲಸೆ ಹೋದವರ ಹಿಂದೆ ಇನ್ನೊಂದು ರಾಜ್ಯಕ್ಕೆ ಬರುವುದಿಲ್ಲ ಅಂತ 1990ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ತಾಂಡಾ ಬಿಟ್ಟು ಇಲ್ಲಿ ನೆಲೆಸುವ ಕುಟುಂಬ ಇಲ್ಲಿ ಆ ಹಕ್ಕಿಲ್ಲದೆ ಬದುಕಬೇಕು. ಇದು ಗೊತ್ತಿದ್ದೂ ಉಳಿಯುವವರನ್ನು ನಾವು ಬರೀ 'ಬರಗಾಲದ ಬಲಿಪಶು' ಅಂತ ಬರೆದರೆ ಅವರ ತೀರ್ಮಾನವನ್ನೇ ಕಿತ್ತುಕೊಂಡ ಹಾಗೆ.

ಹಾಗಾದರೆ ಹಿಡಿದಿಡೋದು ಏನು? ನನ್ನ ವಾದ ಇಷ್ಟು: ಕಳೆದ ವರ್ಷಗಳೇ ಇಲ್ಲಿ ಆಸ್ತಿ. ಗೋವಾ ಸರ್ಕಾರದ ನೌಕರಿಗೆ ಸಾಮಾನ್ಯವಾಗಿ 15 ವರ್ಷದ ವಾಸದ ಪ್ರಮಾಣಪತ್ರ ಬೇಕು, ಕೊಂಕಣಿ ಬರಬೇಕು. 10 ವರ್ಷ ಕಳೆದ ಕುಟುಂಬ ಊರಿಗೆ ಹೋದರೆ ಆ 10 ವರ್ಷ ಸೊನ್ನೆಯಾಗುತ್ತದೆ. ಮಗಳು ಇಲ್ಲೇ ಹುಟ್ಟಿ, ಇಲ್ಲೇ ಶಾಲೆ ಸೇರಿ, ಗೆಳತಿಯರ ಜೊತೆ ಕೊಂಕಣಿ ಆಡುತ್ತಿದ್ದರೆ 'ಮರಳುವುದು' ಅನ್ನೋ ಪದ ಅಪ್ಪನಿಗೆ ಮಾತ್ರ ಹೊಂದುತ್ತದೆ. ಅವಳಿಗೆ ಅದು ಹೊಸ ವಲಸೆ. ರೇಷನ್ ಕಾರ್ಡು, ಮತದಾರರ ಚೀಟಿ, ಶಾಲೆಯ ದಾಖಲೆ ಒಂದೊಂದಾಗಿ ಸೇರಿದ ಹಾಗೆ ಹೋಗುವ ಖರ್ಚು ಏರುತ್ತಾ ಹೋಗುತ್ತದೆ. ಸೋಂದಾ ಅರಸರಿಗೆ ವರ್ಷಾಶನ ಮಾಡಿದ ಕೆಲಸವನ್ನೇ ಇವರಿಗೆ ಈ ಕಾಗದಗಳು ಮಾಡುತ್ತವೆ. ವ್ಯತ್ಯಾಸವೂ ದೊಡ್ಡದೇ: ಅರಸರಿಗೆ ಒಪ್ಪಂದದಲ್ಲಿ ಸಿಕ್ಕಿದ್ದನ್ನು ಇವರು ದಿನಗೂಲಿ ದುಡಿದು ಕೂಡಿಸಬೇಕು.

2011ರ ಜನಗಣತಿಯಲ್ಲಿ ಗೋವಾದ 14.58 ಲಕ್ಷ ಜನರಲ್ಲಿ ಕನ್ನಡವನ್ನು ತಾಯ್ನುಡಿ ಅಂತ ಬರೆಸಿದವರು ಶೇ 4ರಿಂದ 5ರ ನಡುವೆ. ಈ ಅಂಕಿ ಎಷ್ಟು ಜನ ಇದ್ದಾರೆ ಅಂತ ಹೇಳುತ್ತದೆ. ಎಷ್ಟು ಸಲ ಹೋಗಬೇಕೆಂದು ಯೋಚಿಸಿ ಉಳಿದರು ಅಂತ ಹೇಳೋದಿಲ್ಲ. ಅದಕ್ಕೆ ನಾವು ಉಸಗಾಂವದಂಥ ಊರುಗಳ ಶಾಲಾ ದಾಖಲಾತಿ ಪುಸ್ತಕ ತೆರೆಯಬೇಕು, ಬಾಡಿಗೆ ಚೀಟಿ ನೋಡಬೇಕು, ಗಣಿ ನಿಂತ ವರ್ಷ ಮನೆಯಲ್ಲಿ ಏನು ಮಾತಾಯಿತು ಅಂತ ಹೆಂಗಸರನ್ನೂ ಮಕ್ಕಳನ್ನೂ ಬೇರೆಬೇರೆಯಾಗಿ ಕೇಳಬೇಕು. ಇಬ್ಬರ ಉತ್ತರ ಒಂದೇ ಇರಬೇಕಾಗಿಲ್ಲ. ಚರ್ಚೆಯನ್ನು ಅಲ್ಲಿಂದಲೇ ಶುರುಮಾಡೋಣ.