ಮನೆ ತೋರಿಸುವ ಮೊದಲು

ಮನೆ ಮಾರಾಟಕ್ಕಿಟ್ಟವರು ಯಾರನ್ನು ಒಳಗೆ ಕರೆದು ತೋರಿಸಬೇಕು, ಯಾರನ್ನು ಗೇಟಿನಲ್ಲೇ ಸಾಗಹಾಕಬೇಕು ಎಂಬುದು ಅವರವರಿಗೆ ಬಿಟ್ಟ ವಿಷಯ ಎಂದರೆ ಎದುರಾಡುವವರು ಕಡಿಮೆ. ಮನೆ ನನ್ನದು, ಬಂದವರನ್ನು ನೋಡಿ ನಾನೇ ತೀರ್ಮಾನಿಸುತ್ತೇನೆ ಎಂಬ ಮಾತು ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಅಮೆರಿಕದಲ್ಲಿ 1960ರ ದಶಕದಲ್ಲಿ ವಸತಿ ತಾರತಮ್ಯದ ವಿರುದ್ಧ ಕಾನೂನು ತರಲು ಹೊರಟಾಗ ವಿರೋಧಿಗಳು ಮುಂದಿಟ್ಟ ದೊಡ್ಡ ವಾದವೂ ಇದೇ. ಆದರೆ ಅದಕ್ಕೂ ಹಿಂದಿನ ಐವತ್ತು ವರ್ಷಗಳ ದಾಖಲೆ ತೆರೆದು ನೋಡಿದರೆ ಆ ವಾದಕ್ಕೆ ಆಧಾರ ಸಿಗುವುದಿಲ್ಲ. ಅಲ್ಲಿ ಯಾರಿಗೆ ಮನೆ ತೋರಿಸಬಹುದೆಂದು ಗೊತ್ತುಮಾಡುತ್ತಿದ್ದದ್ದು ಬಹುಮಟ್ಟಿಗೆ ಬ್ರೋಕರ್‌ಗಳ ಸಂಘ, ಗೃಹಸಾಲಕ್ಕೆ ಖಾತರಿ ಕೊಡುವ ಸರ್ಕಾರಿ ಸಂಸ್ಥೆ ಮತ್ತು ನೆರೆಹೊರೆಯವರು ಬರೆಸಿಟ್ಟ ಕರಾರು. ಒಡೆಯನ ಸ್ವಾತಂತ್ರ್ಯದ ಹೆಸರು ಹೇಳಿ ಜನ ಕಾಪಾಡಲು ಹೊರಟದ್ದು ಒಡೆಯನ ಕೈಯನ್ನೇ ಕಟ್ಟಿಹಾಕಿದ್ದ ವ್ಯವಸ್ಥೆಯನ್ನು.

ಕೆಂಟಕಿ ರಾಜ್ಯದ ಲೂಯಿವಿಲ್ ನಗರ 1914ರಲ್ಲಿ ಒಂದು ನಿಯಮ ತಂದಿತು. ಬಿಳಿಯರೇ ಹೆಚ್ಚಾಗಿರುವ ಬೀದಿಗೆ ಕರಿಯರು, ಕರಿಯರೇ ಹೆಚ್ಚಾಗಿರುವ ಬೀದಿಗೆ ಬಿಳಿಯರು ವಾಸಕ್ಕೆ ಬರುವಂತಿರಲಿಲ್ಲ. ಇದನ್ನು ಪರೀಕ್ಷೆಗೊಡ್ಡಲೆಂದೇ ಚಾರ್ಲ್ಸ್ ಬುಕಾನನ್ ಎಂಬ ಬಿಳಿಯ ತನ್ನ ನಿವೇಶನವನ್ನು ವಿಲಿಯಂ ವಾರ್ಲಿ ಎಂಬ ಕರಿಯ ನಾಯಕನಿಗೆ ಮಾರುವ ಒಪ್ಪಂದ ಮಾಡಿಕೊಂಡ. 1917ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ನಿಯಮವನ್ನು ಹೊಡೆದುಹಾಕಿತು. ಅದಕ್ಕೆ ಕೊಟ್ಟ ಮುಖ್ಯ ಕಾರಣ ಗಮನಿಸಬೇಕು: ತನ್ನ ಆಸ್ತಿಯನ್ನು ತನಗೆ ಬೇಕಾದವರಿಗೆ ಮಾರುವ ಒಡೆಯನ ಹಕ್ಕನ್ನು ನಗರಸಭೆ ಕಿತ್ತುಕೊಳ್ಳುವಂತಿಲ್ಲ. ಆಸ್ತಿಯ ಹಕ್ಕು ಅಂದು ಬಾಗಿಲು ತೆರೆಯುವ ಪರವಾಗಿ ನಿಂತಿತ್ತು. ಪ್ರತ್ಯೇಕತೆ ಬೇಕಿದ್ದವರಿಗೆ ಒಡೆಯನ ಸ್ವಾತಂತ್ರ್ಯವೇ ಅಡ್ಡಿ ಎಂದು ಆಗ ಗೊತ್ತಾಯಿತು, ಅವರು ಬೇರೆ ದಾರಿ ಹಿಡಿದರು.

ಆ ದಾರಿ ಎಂದರೆ ಖಾಸಗಿ ಕರಾರು. ಇಂಥ ಜನಾಂಗದವರಿಗೆ ಈ ಮನೆಯನ್ನು ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂದು ಬೀದಿಯವರೆಲ್ಲ ಸಹಿ ಹಾಕಿ ನೋಂದಾಯಿಸುತ್ತಿದ್ದರು. ಕರಾರು ಸಹಿ ಹಾಕಿದವರಿಗಷ್ಟೇ ಅಲ್ಲದೆ ಜಮೀನಿಗೇ ಅಂಟಿಕೊಂಡು, ಮುಂದೆ ಕೊಂಡವರನ್ನೂ ಕಟ್ಟುತ್ತಿತ್ತು. 1926ರಲ್ಲಿ ಸುಪ್ರೀಂ ಕೋರ್ಟ್ ಇಂಥ ಕರಾರುಗಳಲ್ಲಿ ಕೈಹಾಕಲು ನಿರಾಕರಿಸಿತು. ಅದಕ್ಕೂ ಮೊದಲೇ, 1924ರಲ್ಲಿ, ಬ್ರೋಕರ್‌ಗಳ ರಾಷ್ಟ್ರೀಯ ಸಂಘ ತನ್ನ ನೀತಿಸಂಹಿತೆಯಲ್ಲಿ ಆಸ್ತಿಯ ಬೆಲೆ ಕೆಡಿಸುವಂಥ ಜನಾಂಗದವರನ್ನು ಸದಸ್ಯರು ಯಾವುದೇ ಬಡಾವಣೆಗೆ ತರಬಾರದೆಂಬ ಕಲಮು ಸೇರಿಸಿತ್ತು. 1934ರಲ್ಲಿ ಹುಟ್ಟಿದ, ಗೃಹಸಾಲಕ್ಕೆ ಖಾತರಿ ಕೊಡುವ ಫೆಡರಲ್ ವಸತಿ ಆಡಳಿತ ಸಂಸ್ಥೆಯ ಕೈಪಿಡಿಯೂ ಇಂಥ ಕರಾರುಗಳನ್ನು ಶಿಫಾರಸು ಮಾಡಿತು. ಇಷ್ಟಾದ ಮೇಲೆ ಒಬ್ಬ ಒಡೆಯ ಸ್ವಂತ ಮನಸ್ಸಿನಿಂದ ಯಾರಿಗಾದರೂ ಮನೆ ತೋರಿಸುತ್ತೇನೆಂದರೂ ಕರೆತರುವ ಬ್ರೋಕರ್ ಇಲ್ಲ, ಸಾಲ ಹುಟ್ಟುವುದಿಲ್ಲ, ಮಾರಿದರೆ ಪಕ್ಕದ ಮನೆಯವನು ಕೋರ್ಟಿಗೆ ಹೋಗುತ್ತಾನೆ. ಸೇಂಟ್ ಲೂಯಿಸ್‌ನ ಲಬಾಡಿ ಅವೆನ್ಯೂದಲ್ಲಿ 1945ರಲ್ಲಿ ಮನೆ ಕೊಂಡ ಶೆಲ್ಲಿ ಎಂಬ ಕರಿಯ ದಂಪತಿಗಳ ಮೇಲೆ ದಾವೆ ಹೂಡಿದ್ದು ಅದೇ ಬೀದಿಯಲ್ಲಿ ಆಸ್ತಿ ಹೊಂದಿದ್ದವರು. ಅವರು ಮುಂದಿಟ್ಟದ್ದು 1911ರ ಹಳೇ ಕರಾರು. 1948ರಲ್ಲಿ ಸುಪ್ರೀಂ ಕೋರ್ಟ್ ಇಂಥ ಕರಾರನ್ನು ಯಾವ ನ್ಯಾಯಾಲಯವೂ ಜಾರಿಮಾಡುವಂತಿಲ್ಲ ಎಂದಿತು. ಆಗ ಹೊಸ ಉಪಾಯ ಹೊಳೆಯಿತು: ಕೊಂಡ ಕರಿಯರನ್ನು ಎಬ್ಬಿಸಲಾಗದಿದ್ದರೆ ಕರಾರು ಮುರಿದ ಬಿಳಿಯ ಒಡತಿಯಿಂದ ಪರಿಹಾರ ವಸೂಲಿ ಮಾಡೋಣ. ಲಾಸ್ ಏಂಜಲೀಸಿನ ಲಿಯೋಲಾ ಜಾಕ್ಸನ್ ಹೀಗೆ ಪ್ರತಿವಾದಿಯಾದಳು, 1953ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಳು. ಆ ಮೊಕದ್ದಮೆಯಲ್ಲಿ ತನ್ನ ಮನೆಯನ್ನು ತನಗೆ ಬೇಕಾದಂತೆ ಮಾರುವ ಹಕ್ಕಿಗಾಗಿ ಹೋರಾಡಿದ್ದು ಜಾಕ್ಸನ್. ಅವಳ ಕೈ ಕಟ್ಟಲು ನೋಡಿದ್ದು ಬಿಳಿಯರ ಬಡಾವಣೆಯನ್ನು ಉಳಿಸಿಕೊಳ್ಳಬೇಕೆಂದವರು.

ಕೋರ್ಟಿನ ದಾರಿ ಮುಚ್ಚುವ ಮೊದಲೇ ಕೆಲವೆಡೆ ತಡೆಯುವ ಕೆಲಸ ಇನ್ನೂ ಹಿಂದಿನ ಹಂತಕ್ಕೆ, ಮನೆ ನೋಡುವ ಹಂತಕ್ಕೆ ಸರಿದಿತ್ತು. ಇದಕ್ಕೆ ಡೆಟ್ರಾಯ್ಟ್ ಪಕ್ಕದಲ್ಲಿ, ಸೇಂಟ್ ಕ್ಲೇರ್ ಸರೋವರದ ದಂಡೆಯ ಮೇಲಿರುವ ಶ್ರೀಮಂತರ ಗ್ರೋಸ್ ಪಾಯಿಂಟ್ ಒಳ್ಳೆಯ ಸಾಕ್ಷಿ. ಅಲ್ಲಿನ ಬ್ರೋಕರ್‌ಗಳೂ ಆಸ್ತಿವಂತರ ಸಂಘವೂ 1945ರ ಸುಮಾರಿನಿಂದ ಒಂದು ಅಂಕಪದ್ಧತಿ ನಡೆಸಿಕೊಂಡು ಬಂದಿದ್ದವು. 1960ರಲ್ಲಿ ಕೋರ್ಟಿನ ಒಂದು ವಿಚಾರಣೆಯಲ್ಲಿ ಅದು ಹೊರಬಿತ್ತು. ಕೊಳ್ಳಲು ಬಂದವರ ಬಗ್ಗೆ ಖಾಸಗಿ ಪತ್ತೇದಾರ ವಿಚಾರಿಸಿ ನಮೂನೆ ತುಂಬುತ್ತಿದ್ದ. ಇವರ ಬಾಳುವೆಯ ರೀತಿ ಅಮೆರಿಕನ್ನರದೇ? ಮೈಬಣ್ಣ ಎಷ್ಟು ಕಪ್ಪು, ತುಂಬಾನೋ, ಸ್ವಲ್ಪವೋ, ಇಲ್ಲವೇ ಇಲ್ಲವೋ? ಮಾತಿನಲ್ಲಿ ಪರಭಾಷೆಯ ಧಾಟಿ ಎಷ್ಟಿದೆ? ಉಡುಪು ಅಚ್ಚುಕಟ್ಟೋ, ಆಡಂಬರವೋ? ಮೂವರು ಬ್ರೋಕರ್‌ಗಳ ಸಮಿತಿ ಇದಕ್ಕೆ ಅಂಕ ಹಾಕುತ್ತಿತ್ತು. ನೂರಕ್ಕೆ 50 ಬಂದರೆ ಸಾಮಾನ್ಯವಾಗಿ ಪಾಸು. ಪೋಲೆಂಡ್ ಮೂಲದವರಿಗೆ 55, ಇಟಲಿ ಮತ್ತು ಗ್ರೀಸ್ ಮೂಲದವರಿಗೆ 65, ಯೆಹೂದಿಗಳಿಗೆ 85 ಬೇಕಿತ್ತು. ಕರಿಯರಿಗೂ ಏಷ್ಯಾದವರಿಗೂ ನಮೂನೆಯೇ ಇರಲಿಲ್ಲ, ಅವರನ್ನು ಪರಿಗಣಿಸುತ್ತಲೇ ಇರಲಿಲ್ಲ. ಫೇಲಾದವರಿಗೆ ಮಾರಿಸಿದ ಬ್ರೋಕರ್ ಕಮಿಷನ್ ಕಳೆದುಕೊಳ್ಳುತ್ತಿದ್ದ. ಈ ಪ್ರಶ್ನೆಗಳಲ್ಲಿ ಸಾಲ ತೀರಿಸುವ ಶಕ್ತಿಗಿಂತ ಚರ್ಮಕ್ಕೂ ಉಚ್ಚಾರಣೆಗೂ ಸಿಕ್ಕ ಜಾಗ ನೋಡಿದರೆ ಮನಸ್ಸು ಕುದಿಯುತ್ತದೆ. ಮಾರುವವರ ಇಷ್ಟಾನಿಷ್ಟಕ್ಕೆ ಆ ನಮೂನೆಯಲ್ಲಿ ಒಂದು ಸಾಲೂ ಮೀಸಲಿರಲಿಲ್ಲ.

ಆಸ್ತಿಯ ಬೆಲೆ ಉಳಿಸಿಕೊಳ್ಳುವುದು ತಪ್ಪೇ ಎಂದು ಇದಕ್ಕೆ ಎದುರಾಗಿ ಕೇಳಬಹುದು. ಜೀವಮಾನದ ಉಳಿತಾಯವೆಲ್ಲ ಮನೆಯಲ್ಲೇ ಇರುವ ಕುಟುಂಬಕ್ಕೆ ಈ ಭಯ ನಿಜವೇ, ಅದನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಲುಯಿಗಿ ಲಾರೆಂಟಿ 1960ರಲ್ಲಿ ಪ್ರಕಟಿಸಿದ ಅಧ್ಯಯನ ಹಲವು ನಗರಗಳ ಮಾರಾಟದ ದಾಖಲೆಗಳನ್ನು ಹೋಲಿಸಿ ನೋಡಿದಾಗ, ಬಿಳಿಯರಲ್ಲದವರು ಬಂದ ಬಡಾವಣೆಗಳ ಬೆಲೆ ಬಹುಪಾಲು ಹೋಲಿಕೆಗಳಲ್ಲಿ ಹಾಗೆಯೇ ಉಳಿದಿತ್ತು, ಇಲ್ಲವೇ ಏರಿತ್ತು. ಬೆಲೆ ಬಿದ್ದ ಕಡೆಗಳಲ್ಲೂ ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಸರ್ಕಾರಿ ಸಂಸ್ಥೆ ಅಂಥ ಬಡಾವಣೆಯ ಸಾಲಕ್ಕೆ ಖಾತರಿ ನಿಲ್ಲಿಸುತ್ತಿತ್ತು. ಕೆಲವು ಬ್ರೋಕರ್‌ಗಳು ಕರಿಯರು ಬರುತ್ತಿದ್ದಾರೆಂದು ಹೆದರಿಸಿ ಬಿಳಿಯರಿಂದ ಅಗ್ಗಕ್ಕೆ ಕೊಂಡು, ಅದೇ ಮನೆಯನ್ನು ಬೇರೆಡೆ ಜಾಗ ಸಿಗದ ಕರಿಯರಿಗೆ ದುಬಾರಿಗೆ ಮಾರುತ್ತಿದ್ದರು. ಬಾಗಿಲು ಮುಚ್ಚಿದ್ದರಿಂದ ಹುಟ್ಟಿದ ನಷ್ಟವನ್ನೇ ಬಾಗಿಲು ಮುಚ್ಚಲು ಕಾರಣವಾಗಿ ತೋರಿಸಿದಂತಾಯಿತು.

ಒಡೆಯನ ಹಕ್ಕಿನ ವಾದ ತನ್ನ ಉತ್ತುಂಗ ಮುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. 1963ರ ವಸತಿ ಸಮಾನತೆಯ ಕಾನೂನನ್ನು ರದ್ದುಮಾಡುವ ಪ್ರಸ್ತಾಪವನ್ನು 1964ರಲ್ಲಿ ಮತದಾರರು ದೊಡ್ಡ ಬಹುಮತದಿಂದ ಗೆಲ್ಲಿಸಿದರು. 1967ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಿಂಧುಗೊಳಿಸಿತು. 1968ರ ಮಾರ್ಚ್ 14ರಂದು ಮಾರ್ಟಿನ್ ಲೂಥರ್ ಕಿಂಗ್ ಗ್ರೋಸ್ ಪಾಯಿಂಟ್‌ನ ಹೈಸ್ಕೂಲಿನಲ್ಲೇ ಮಾತಾಡಿದರು. ಏಪ್ರಿಲ್ 4ರಂದು ಅವರ ಹತ್ಯೆಯಾಯಿತು, ಏಪ್ರಿಲ್ 11ರಂದು ವಸತಿ ತಾರತಮ್ಯ ನಿಷೇಧಿಸುವ ಫೇರ್ ಹೌಸಿಂಗ್ ಕಾಯ್ದೆಗೆ ಸಹಿ ಬಿತ್ತು. ಈ ಕಾಯ್ದೆ ಒಡೆಯನನ್ನು ಪೂರ್ತಿ ಕಟ್ಟಿಹಾಕಲಿಲ್ಲ: ಬ್ರೋಕರ್ ಇಲ್ಲದೆ, ತಾರತಮ್ಯದ ಜಾಹೀರಾತೂ ಇಲ್ಲದೆ ಸ್ವಂತ ಮನೆ ತಾನೇ ಮಾರುವವನಿಗೆ ಅದು ಒಂದಿಷ್ಟು ವಿನಾಯಿತಿ ಇಟ್ಟಿತು. ಆದರೆ ಮನೆ ಖಾಲಿ ಇದ್ದೂ ಇಲ್ಲವೆಂದು ಹೇಳುವುದನ್ನೇ ಕಾನೂನುಬಾಹಿರ ಕೃತ್ಯಗಳ ಸಾಲಿಗೆ ಸೇರಿಸಿದ್ದು ಅದರ ದೂರದೃಷ್ಟಿ. 1965ರ ವಲಸೆ ಕಾನೂನಿನ ನಂತರ ಅಲ್ಲಿಗೆ ಹೋದ ಕನ್ನಡದ ಎಂಜಿನಿಯರುಗಳು, ವೈದ್ಯರು ಉಪನಗರಗಳಲ್ಲಿ ಮನೆ ಕೊಂಡದ್ದು ಈ ಕಾಯ್ದೆಯ ನೆರಳಲ್ಲೇ. ಹಳೇ ಗ್ರೋಸ್ ಪಾಯಿಂಟ್‌ನ ಲೆಕ್ಕದಲ್ಲಿ ಅವರಿಗೂ ನಮೂನೆ ಇರುತ್ತಿರಲಿಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಯಾರೋ ಅಪರಿಚಿತರು ಮಲಗುವ ಕೋಣೆ, ಬೀರು, ಹಿತ್ತಿಲ ಬಾಗಿಲ ಚಿಲಕ ಎಲ್ಲ ನೋಡಿಕೊಂಡು ಹೋಗುವುದು ಅಪಾಯವಲ್ಲವೆ? ಕೊಳ್ಳುವ ಇರಾದೆ ಇಲ್ಲದೆ ಸುಮ್ಮನೆ ಸುತ್ತುವವರಿಗೆ ದಿನವಿಡೀ ಮನೆ ತೋರಿಸುತ್ತ ಕೂರಲಾಗುತ್ತದೆಯೆ? ಎರಡೂ ಒಪ್ಪತಕ್ಕ ಮಾತೇ. ಗುರುತಿನ ಚೀಟಿ ಕೇಳುವುದು, ಬ್ಯಾಂಕಿನ ಸಾಲದ ಮುಂಗಡ ಒಪ್ಪಿಗೆ ಪತ್ರ ಇದ್ದವರಿಗಷ್ಟೇ ತೋರಿಸುವುದು ತಾರತಮ್ಯವಲ್ಲ. ತೊಂದರೆ ಇರುವುದು ಆ ಪತ್ರವನ್ನು ಯಾರಿಂದ ಕೇಳುತ್ತಾರೆ ಎಂಬಲ್ಲಿ. ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ನ್ಯೂಸ್‌ಡೇ ಪತ್ರಿಕೆ ಮೂರು ವರ್ಷ ತನಿಖೆ ನಡೆಸಿ 2019ರಲ್ಲಿ ವರದಿ ಪ್ರಕಟಿಸಿತು. ಒಂದೇ ಆದಾಯ, ಒಂದೇ ಬೇಡಿಕೆ ಹೇಳಿಕೊಂಡ ಇಬ್ಬಿಬ್ಬರನ್ನು, ಒಬ್ಬರು ಬಿಳಿಯ, ಇನ್ನೊಬ್ಬರು ಬೇರೆ ಜನಾಂಗದವರು ಎಂಬಂತೆ, ಒಬ್ಬನೇ ಬ್ರೋಕರ್‌ನ ಬಳಿಗೆ ಗುಪ್ತ ಕ್ಯಾಮೆರಾದೊಂದಿಗೆ ಕಳಿಸಿದರು. 86 ಪರೀಕ್ಷೆಗಳಲ್ಲಿ ಕರಿಯರು ಹೋದವುಗಳ ಪೈಕಿ ಶೇ. 49ರಲ್ಲಿ ಅವರನ್ನು ಬೇರೆಯಾಗಿ ನಡೆಸಿಕೊಂಡದ್ದು ಕಂಡಿತು. ಹಿಸ್ಪಾನಿಕ್ ಮೂಲದವರ ವಿಷಯದಲ್ಲಿ ಶೇ. 39, ಏಷ್ಯಾದವರ ವಿಷಯದಲ್ಲಿ ಶೇ. 19. ಸಾಲದ ಪತ್ರ ತಂದರೆ ಮಾತ್ರ ಮನೆ ತೋರಿಸುತ್ತೇನೆ ಎಂದು ಕರಿಯರಿಗೆ ಹೇಳಿದ ಬ್ರೋಕರ್, ಬಿಳಿಯರನ್ನು ಹಾಗೇ ಕರೆದುಕೊಂಡು ಹೋದ ಉದಾಹರಣೆಗಳಿದ್ದವು. ಒಬ್ಬೊಬ್ಬರೇ ಹೋಗಿದ್ದರೆ ಯಾರಿಗೂ ಇದು ತಿಳಿಯುತ್ತಿರಲಿಲ್ಲ. ಪತ್ರ ಕೇಳಿಸಿಕೊಂಡವರು ಅದೇ ಪದ್ಧತಿ ಇರಬೇಕು ಅಂದುಕೊಂಡು ಹಿಂದಿರುಗುತ್ತಿದ್ದರು. ಹಣಕಾಸಿನ ಮಾತು ಶುರುವಾದ ಮೇಲೆ ನಿರಾಕರಿಸಿದರೆ ಕಾಗದವಾದರೂ ಉಳಿಯುತ್ತದೆ, ಗೇಟಿನಲ್ಲಿ ನಿರಾಕರಿಸಿದ್ದಕ್ಕೆ ಸಾಕ್ಷಿಯೇ ಇಲ್ಲ. ಸುಳ್ಳು ಮಾಹಿತಿ ಪಡೆದ ಇಂಥ ಪರೀಕ್ಷಕರೂ ದಾವೆ ಹೂಡಬಹುದೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದ್ದರ ಬೆಲೆ ಇಲ್ಲಿ ಅರ್ಥವಾಗುತ್ತದೆ. ವರದಿಯ ನಂತರ ನ್ಯೂಯಾರ್ಕ್ ರಾಜ್ಯ ತಂದ ನಿಯಮ 2022ರಿಂದ ಜಾರಿಯಲ್ಲಿದೆ: ಗುರುತಿನ ಚೀಟಿ ಬೇಕೇ, ಸಾಲದ ಪತ್ರ ಬೇಕೇ ಎಂಬುದನ್ನು ಪ್ರತಿ ಬ್ರೋಕರ್ ಮೊದಲೇ ಬರೆದು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಒಡೆಯನ ಎಚ್ಚರಿಕೆಗೆ ಇದರಿಂದ ಕುಂದಿಲ್ಲ. ಷರತ್ತು ಎಷ್ಟು ಕಠಿಣವಾದರೂ ಇರಲಿ, ಗಿರಾಕಿಯ ಮುಖ ನೋಡಿದ ಮೇಲೆ ಅದು ಹುಟ್ಟಬಾರದು ಎಂಬುದಷ್ಟೇ ಅದರ ಒತ್ತಾಯ.

ಇದು ನಮಗೆ ದೂರದ ಕಥೆಯಲ್ಲ. ಪ್ಲೇಗಿನ ಸಮಯದಲ್ಲಿ, 1898ರ ಸುಮಾರಿಗೆ ಬೆಂಗಳೂರಿನಲ್ಲಿ ಎದ್ದ ಬಸವನಗುಡಿ, ಮಲ್ಲೇಶ್ವರಗಳ ನಕ್ಷೆಯಲ್ಲಿಯೇ ಜಾತಿ ಸಮುದಾಯಗಳಿಗೆ ಬೇರೆ ಬೇರೆ ಬ್ಲಾಕುಗಳಿದ್ದವು. ಗುಜರಾತಿನ ಪಾರ್ಸಿ ವಸತಿ ಸಹಕಾರ ಸಂಘವೊಂದು ಪಾರ್ಸಿಗಳಿಗಷ್ಟೇ ಸದಸ್ಯತ್ವ ಕೊಡುವ ನಿಯಮವನ್ನು ನಮ್ಮ ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು. ಅಲ್ಲಿಯೂ ಹೊರಗಿನವರಿಗೆ ಮಾರಬೇಕೆಂದಿದ್ದ ಸದಸ್ಯನ ಇಚ್ಛೆಗಿಂತ ಸಂಘದ ನಿಯಮವೇ ಮೇಲಾಯಿತು. ಇನ್ನೊಂದೆಡೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ನಾಲ್ಕನೇ ಕಲಮು ಅಸ್ಪೃಶ್ಯತೆಯ ಕಾರಣಕ್ಕೆ ಯಾವ ಬಡಾವಣೆಯಲ್ಲೂ ಮನೆ ಪಡೆಯುವುದನ್ನು ತಡೆಯುವಂತಿಲ್ಲ ಎನ್ನುತ್ತದೆ, ಅಮೆರಿಕದ ಕಾಯ್ದೆಗಿಂತ ಹದಿಮೂರು ವರ್ಷ ಮೊದಲೇ. ಆದರೆ ಮನೆ ನೋಡಲು ಬಂದವರಿಗೆ ಮಾರಿಯಾಯಿತು ಎಂದುಬಿಟ್ಟರೆ ಅವರನ್ನು ತಡೆದದ್ದಕ್ಕೇ ಸಾಕ್ಷಿ ಸಿಗುವುದು ಕಷ್ಟ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಬ್ರೋಕರ್‌ಗಳ ನೋಂದಣಿ ಕಡ್ಡಾಯ ಮಾಡಿದ್ದು ಅದರಡಿ ನೋಂದಾದ ಹೊಸ ಯೋಜನೆಗಳ ಮಾರಾಟಕ್ಕೆ. ಹಳೇ ಮನೆಯ ಮರುಮಾರಾಟದ ಬ್ರೋಕರ್ ಅದರ ಹೊರಗೇ ಉಳಿದಿದ್ದಾನೆ. ನೋಂದಣಿಯನ್ನು ಅವನವರೆಗೂ ಚಾಚಿ, ಮನೆ ತೋರಿಸುವ ಷರತ್ತುಗಳನ್ನು ಅವನಿಂದ ಮೊದಲೇ ಬರೆಸಿ ಇಡಿಸುವುದಕ್ಕೆ ಸಂವಿಧಾನದ ತಿದ್ದುಪಡಿಯೇನೂ ಬೇಕಾಗಿಲ್ಲ.