ಟಿಪ್ಪುವಿನ ನಾಣ್ಯ ಮತ್ತು ಹನ್ನೊಂದು ದಿನ

ದುಬೈಯಲ್ಲಿ ನಾನು ಬರೆಯುವ ಲೆಕ್ಕಪುಸ್ತಕಗಳ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ. ಈದ್ ರಜೆ ಮಾತ್ರ ಹಿಜರಿ ಪಂಚಾಂಗದ್ದು. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಹಾಗಾಗಿ ಈದ್ ವರ್ಷಕ್ಕೆ ಸುಮಾರು ಹನ್ನೊಂದು ದಿನ ಮುಂಚೆ ಬರುತ್ತದೆ. ಎರಡು ಪಂಚಾಂಗಗಳನ್ನು ಹೊಂದಿಸುವ ಕೆಲಸ ಸಾಫ್ಟ್‌ವೇರ್‌ನದು. ಅದರ ಮುಂದೆ ಶ್ರೀರಂಗಪಟ್ಟಣದ ಒಂದು ನಾಣ್ಯ ಇಟ್ಟು ನೋಡೋಣ.

ನಾಣ್ಯದ ಮೇಲಿನ ವರ್ಷ 1215. ಹಿಜರಿ ಎಂದುಕೊಂಡರೆ ಅದು ಕ್ರಿ.ಶ. 1800ರ ಮೇ ತಿಂಗಳಲ್ಲಿ ಶುರುವಾಗುತ್ತದೆ. ಟಿಪ್ಪು ಸುಲ್ತಾನ್ ಮಡಿದದ್ದು 1799ರ ಮೇ 4ರಂದು! ಸತ್ತ ಮೇಲೆ ನಾಣ್ಯ ಹೊಡೆಸಿದನೇ?

ಇಲ್ಲ. 1787ರ ಸುಮಾರಿಗೆ ಟಿಪ್ಪು ನಾಣ್ಯಗಳಲ್ಲಿ ಹಿಜರಿ ಬಿಟ್ಟು, ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕೆ ತಂದ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ತಿಂಗಳು ಚಾಂದ್ರಮಾನದ್ದೇ ಆದರೂ, ನಮ್ಮ ಪಂಚಾಂಗದಂತೆ ಅಧಿಕಮಾಸ ಸೇರಿಸಿದ್ದರಿಂದ ವರ್ಷ ಋತುಗಳ ಜೊತೆಗೇ ಸಾಗುತ್ತಿತ್ತು. ಸುಗ್ಗಿ ಹನ್ನೊಂದು ದಿನ ಮುಂಚೆ ಬರುವುದಿಲ್ಲ. ಕಂದಾಯ ಕಟ್ಟುವ ರೈತನಿಗೆ ಇದು ಗೊತ್ತು.

1215ಕ್ಕೆ 572 ಕೂಡಿಸಿದರೆ 1787. ಹಿಜರಿ ಎಂದು ಹೇಳಿದರೆ ಯಂತ್ರ ಹದಿಮೂರು ವರ್ಷ ತಪ್ಪುತ್ತದೆ. ಕೂಡುವುದರಲ್ಲಿ ಮಾತ್ರ ಎಲ್ಲೂ ತಪ್ಪಿರುವುದಿಲ್ಲ. ಲೆಕ್ಕಿಗನಿಗೂ ಇತಿಹಾಸಕಾರನಿಗೂ ಮೊದಲ ಪ್ರಶ್ನೆ ಒಂದೇ: ಇದು ಯಾವ ಶಕೆ?